ಕುರಿದೊಡ್ಡಿಗೆ ಬಂದ ನುಸಿಬಲೆ

ಹಿಲ್ಕ ಕೆಂಡದ ಮೇಲೆ ಹಸಿ ಪಾಚಿ ಒಟ್ಟುತ್ತಿದ್ದಳು. ಹೊಗೆ ಎದ್ದಿತು. ನುಸಿಕಾಟ ತಾಳದ ಕುರಿಗಳು ತಾವಾಗಿಯೇ ಬಂದು ಹೊಗೆಯಲ್ಲಿ ನಿಂತವು. ಉತ್ತರ ಫಿನ್‌ಲ್ಯಾಂಡಿನ ದೊಡ್ಡಿಗಳಲ್ಲಿ ಬೇಸಿಗೆಯೆಲ್ಲ ಹೀಗೇ.

ಕಳೆದ ವಸಂತದಲ್ಲಿ ಅವಳ ಕುರಿಮರಿಗಳು ಕಾಲು ಸೊಟ್ಟಗಾಗಿ, ಸತ್ತೇ ಹುಟ್ಟಿದ್ದವು. ಇನ್ನೊಮ್ಮೆ ಹಾಗಾದರೆ ದೊಡ್ಡಿ ಮುಚ್ಚುವುದೇ. ಅಂಥದ್ದರಲ್ಲಿ ಪಶುವೈದ್ಯರ ಕಚೇರಿಯ ತೂಲಿಕ್ಕಿ ಬಂದು, ನುಸಿ ಹಿಡಿಯುವ ದೀಪದ ಬಲೆಯೊಂದನ್ನು ದೊಡ್ಡಿಯ ತೊಲೆಗೆ ತೂಗುಹಾಕಿ ಹೋಗಿದ್ದಳು.

"ದೀಪ ಹಚ್ಚಿ ಊರ ನುಸಿನೆಲ್ಲ ನನ್ನ ಕುರಿ ಮೇಲೆ ಕರೀತಾಳೆ," ಎಂದಳು ಹಿಲ್ಕ.

ಬೇಲಿಯಾಚೆಯ ದೊಡ್ಡಿಯ ಓಯ್ವ ನಕ್ಕ. "ಇವತ್ತು ನುಸಿ ಎಣಿಸ್ತಾರೆ. ನಾಳೆ ರೋಗ ಇದೆ ಅಂತ ಕುರಿ ಹೊಡ್ಕೊಂಡು ಹೋಗ್ತಾರೆ. ನೋಡ್ತಿರು ತಂಗಿ."

ಸಂಜೆ ಹಿಲ್ಕ ಹೊಗೆಯನ್ನು ಬಲೆಯ ಕೆಳಗೇ ಹಾಕಿದಳು.

ಬೆಳಿಗ್ಗೆ ತೂಲಿಕ್ಕಿ ಬಂದು, ಬಲೆಗೆ ಸಿಕ್ಕ ನುಸಿ ಬೀಳುವ ಬಾಟಲಿ ಎತ್ತಿ ನೋಡಿದಳು. ಖಾಲಿ. "ಹಿಲ್ಕಕ್ಕ, ನಿಮ್ಮ ಕತ್ತು ತುಂಬ ಕಚ್ಚಿದ ಗುರುತು. ಬಾಟಲೀಲಿ ಮಾತ್ರ ಒಂದೂ ಇಲ್ಲ. ಹೊಗೆ ಎಲ್ಲಿ ಹಾಕಿದ್ರಿ?"

"ಇಲ್ಲೇ. ನನ್ನ ದೊಡ್ಡಿ, ನನ್ನ ಹೊಗೆ."

"ಹಾಗಾದ್ರೆ ಈ ಊರಲ್ಲಿ ನುಸಿನೇ ಇಲ್ಲ ಅಂದ್ಕೊಳ್ಳಲಾ?"

"ನುಸಿ ಇಲ್ವಾ? ತಲೆ ನೆಟ್ಟಗಿದ್ಯಾ ನಿಂಗೆ?"

"ಬಾಟಲಿ ಹಾಗೇ ಹೇಳ್ತಿದೆಯಲ್ಲ. ನುಸಿ ದೀಪ ಇಲ್ಲದಿದ್ರೂ ಕುರಿ ಹುಡುಕ್ಕೊಂಡು ಬರುತ್ತೆ. ಅದ್ರಲ್ಲಿ ಹತ್ತಾರು ಜಾತಿ. ರೋಗ ಹೊರೋದು ಕೆಲವು ಮಾತ್ರ. ಅವು ಗಬ್ಬದ ಕುರಿಗೆ ಕಚ್ಚಿದ್ರೆ ಹೊಟ್ಟೆಯೊಳಗಿನ ಮರಿ ಸೊಟ್ಟಗಾಗಬಹುದು. ಇಲ್ಲಿ ಯಾವ ಜಾತಿ ಇದೆ, ಯಾವಾಗ ಹಾರಾಟ ನಿಲ್ಲಿಸುತ್ತೆ ಅಂತ ತಿಳಿದ್ರೆ, ಆಮೇಲೆ ಕುರಿಗಳ ಜೊತೆ ಟಗರು ಬಿಡಬಹುದು. ಕುರಿ ಗಬ್ಬ ಆಗೋ ಹೊತ್ತಿಗೆ ನುಸಿ ಇರಲ್ಲ."

"ಕುರಿ ಹೊಡ್ಕೊಂಡು ಹೋಗಲ್ಲ ತಾನೆ?"

"ನುಸಿ ತಗೊಂಡು ಹೋಗ್ತೀನಿ. ಅದೂ ಬೇಡ್ವಾ?"

ಹಿಲ್ಕ ನಗಲಿಲ್ಲ. ಆದರೂ ಆ ಸಂಜೆ ಹೊಗೆಯನ್ನು ಹುಲ್ಲುಗಾವಲಿನ ಆಚೆ ತುದಿಗೆ ಒಯ್ದಳು. ಮರುದಿನ ಬಾಟಲಿಯ ತಳದಲ್ಲಿ ಕಾಳುಮೆಣಸಿನ ಪುಡಿಯಂತೆ ನುಸಿ ಕೂತಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

ಹಾರಾಟ ನಿಂತಿತೆಂದು ತೂಲಿಕ್ಕಿ ಹೇಳಿಕಳಿಸುವವರೆಗೆ ಹಿಲ್ಕ ಟಗರನ್ನು ಬೇರೆ ಕಟ್ಟಿದಳು. ಓಯ್ವ ತನ್ನ ಟಗರನ್ನು ಎಂದಿನಂತೆ ಬೇಗನೆ ಬಿಟ್ಟ. ವಸಂತದಲ್ಲಿ ಹಿಲ್ಕಳ ಮರಿಗಳು ತಮ್ಮ ಕಾಲ ಮೇಲೆ ಎದ್ದು ನಿಂತವು.

ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ದೊಡ್ಡಿಗೂ ಬಲೆ ಬಂದೀತು. ಅನುಮಾನವಿದ್ದರೆ ಬಾಯಿಬಿಟ್ಟು ಕೇಳಿ. ದೀಪ ಆರಿಸಬೇಡಿ. ಬಲೆಯ ಹತ್ತಿರ ಹೊಗೆ ಹಾಕಬೇಡಿ.

ಅದೇ ವಸಂತದಲ್ಲಿ ಬೇಲಿಯಾಚೆ ಓಯ್ವ ತನ್ನ ಸತ್ತ ಮರಿಗಳಿಗೆ ಗುಂಡಿ ತೋಡುತ್ತಿದ್ದ. ಹಿಲ್ಕ ಬೇಲಿಯವರೆಗೆ ಹೋದಳು.

"ಓಯ್ವಣ್ಣ, ಈ ಬೇಸಿಗೆ ನಿಮ್ಮ ದೊಡ್ಡಿಲೂ ಬಲೆ ಹಾಕೋಕೆ ಬಿಡಿ."

ಗುದ್ದಲಿಯ ಸದ್ದು ನಿಲ್ಲಲಿಲ್ಲ.