ಅಲುಗದ ಹಗ್ಗ

ಹಗ್ಗಜಗ್ಗಾಟದ ಕೋಚ್ ತನ್ನ ಹುಡುಗರಿಗೆ ಹೇಳಿಕೊಟ್ಟಿದ್ದು ಒಂದೇ ಮಾತು. "ಎದುರಿನವರನ್ನ ಬೀಳಿಸೋದು ಯಾವ ದೊಡ್ಡ ವಿಷಯ ಕಣ್ರೋ? ಅವರು ಎಷ್ಟು ಎಳೀತಾರೋ ಅಷ್ಟೇ ಎಳೀರಿ. ಹಗ್ಗ ಕೂದಲೆಳೆಯಷ್ಟೂ ಅಲುಗಬಾರದು. ಅದೇ ನಿಜವಾದ ಗೆಲುವು!"

ಫೈನಲ್ ದಿನ ಹುಡುಗರು ಅದನ್ನು ಚಾಚೂತಪ್ಪದೆ ಪಾಲಿಸಿದರು. ಬೆಳಿಗ್ಗೆ ಬಿಗಿದ ಹಗ್ಗ ಮಧ್ಯಾಹ್ನ ಕಳೆದರೂ ಅಲುಗಲಿಲ್ಲ. ರೆಫರಿ ಸೀಟಿ ಕಚ್ಚಿಕೊಂಡೇ ನಿದ್ದೆಹೋದ; ಗೊರಕೆ ಹೊಡೆದಾಗಲೆಲ್ಲ ಅದು ಪೀಂ ಅನ್ನುತ್ತಿತ್ತು. ಮೈದಾನದ ಪಕ್ಕದ ಮನೆಯಾಕೆ ಹಗ್ಗದ ಮೇಲೆ ಒದ್ದೆ ಬಟ್ಟೆ ಹರವಿದಳು, ಅವೂ ಒಣಗಿದವು. ಕೋಚ್‌ಗೆ ಹಿಗ್ಗೋ ಹಿಗ್ಗು.

ಸಂಜೆ ಹೆಂಡತಿ ಬಂದು ಅವನ ಕೈ ಹಿಡಿದೆಳೆದಳು. "ಊಟ ತಣ್ಣಗಾಯ್ತು, ಬನ್ನಿ ಮನೆಗೆ."

ಅಭ್ಯಾಸಬಲ ನೋಡಿ, ಅವಳು ಎಳೆದಷ್ಟೇ ಅವನೂ ಎಳೆದು ನಿಂತ.

"ಮದುವೆ ಆದಾಗಿಂದ ನಿಮ್ಮದು ಇದೇ ಆಯ್ತು. ನಾನು ಸೋಲಿಸೋಕೆ ಬಂದವಳಲ್ಲ ಕಣ್ರೀ, ಕರ್ಕೊಂಡು ಹೋಗೋಕೆ ಬಂದವಳು," ಎಂದವಳೇ ಕೈಬಿಟ್ಟು ನಡೆದಳು. ಕೋಚ್ ಧೊಪ್ಪನೆ ಅಂಗಾತ ಬಿದ್ದ.

ಹುಡುಗರು ಹಗ್ಗ ಬಿಡದೆ ಕತ್ತಷ್ಟೇ ತಿರುಗಿಸಿ ಕೇಳಿದರು: "ಸರ್, ಈಗ ಗೆದ್ದಿದ್ದು ಯಾರು?"

ಉತ್ತರ ಹೇಳೋಕೆ ಕೋಚ್ ಅಲ್ಲಿರಲಿಲ್ಲ. ಚಪ್ಪಲಿಯನ್ನೂ ಬಿಟ್ಟು ಅವಳ ಹಿಂದೆ ಓಡಿದ್ದ.