ಎಂಟು ಗಂಟೆಯ ಕೂಗು

ಎಂಟು ಗಂಟೆ ಯಾವಾಗ ಆಗುತ್ತದೆ ಎಂಬುದು ಮನುಕುಲವನ್ನು ಕಾಡಿದ ಗಹನ ಪ್ರಶ್ನೆಗಳಲ್ಲೊಂದು. ಬೇರೆ ಕಡೆಯ ಮಾತು ನನಗೆ ಗೊತ್ತಿಲ್ಲ. ಏಪ್ರಿಲ್ ತಿಂಗಳ ಮೊದಲ ಶನಿವಾರ, ನಮ್ಮ ಶೇಡ್ಲರ್ ತೊರೆಯ ದಡದಲ್ಲಿ, ಇದಕ್ಕಿಂತ ಗಹನವಾದದ್ದು ಇನ್ನೊಂದಿಲ್ಲ.

ಟ್ರೌಟ್ ಮೀನು ಹಿಡಿಯುವ ಕಾಲ ಆ ದಿನ ಬೆಳಿಗ್ಗೆ ಎಂಟಕ್ಕೆ ಶುರು ಎನ್ನುತ್ತದೆ ಪೆನ್ಸಿಲ್ವೇನಿಯಾದ ಕಾನೂನು. ಯಾರ ಗಡಿಯಾರದ ಎಂಟು ಎಂದು ಹೇಳುವುದಿಲ್ಲ. ಬಹಳ ವರ್ಷಗಳ ಹಿಂದೆ ಒಬ್ಬ ಭಾವ ಮತ್ತು ಭಾವಮೈದುನನ ಗಡಿಯಾರಗಳ ನಡುವೆ ಎರಡು ನಿಮಿಷದ ಅಂತರ ಬಂದು, ಒಂದು ಗಡಿಯಾರ ನೀರಿಗೂ ಒಂದು ಹಲ್ಲು ದಡಕ್ಕೂ ಬಿದ್ದವು. ಅಂದಿನಿಂದ ಊರಿನವರೇ ಸೇರಿ ನಡೆಸುವ ಅಗ್ನಿಶಾಮಕ ಸಂಘದ ಸೈರನ್ ಕೂಗಿದಾಗಲೇ ಎಂಟು. ಆ ದಿನ ದಡದಲ್ಲಿ ನಿಂತು ಗಡಿಯಾರ ನೋಡುವುದು, ಚರ್ಚಿನಲ್ಲಿ ಕೂತು ಆಕಳಿಸಿದಷ್ಟೇ ಅಸಭ್ಯ.

ನಾನು ಇಲ್ಲಿಯ ಸಹಾಯಕ ವಾರ್ಡನ್, ಮೀನು ಹಿಡಿಯುವ ನಿಯಮಗಳ ಕಾವಲುಗಾರ. ಸಂಬಳವಿಲ್ಲ, ಬಿಲ್ಲೆಯಿದೆ. ನನ್ನ ಮೇಲಿನ ನಿಜವಾದ ವಾರ್ಡನ್ ಲೋರ್ನಾ ವೆಟ್ಜೆಲ್ ಫೆಬ್ರವರಿಯಲ್ಲಷ್ಟೇ ಬೇರೆ ಜಿಲ್ಲೆಯಿಂದ ಬಂದವಳು. ಏಳೂವರೆಗೆ ನಾವಿಬ್ಬರೂ ದಡದ ಮೇಲಿನ ಮರಗಳ ಮರೆಯಲ್ಲಿ ದುರ್ಬೀನು ಹಿಡಿದು ಕೂತಿದ್ದೆವು. ಕೆಳಗೆ ನಲವತ್ತೊಂದು ಜನ, ಭುಜಕ್ಕೆ ಭುಜ ತಾಗಿಸಿಕೊಂಡು, ಗಾಳದ ಕೋಲುಗಳನ್ನು ಆಕಾಶಕ್ಕೆ ಎತ್ತಿ ಕಾಯುತ್ತಿದ್ದರು.

"ಇಷ್ಟು ಜನರಲ್ಲಿ ಒಬ್ರೂ ಗಡಿಯಾರ ನೋಡ್ತಿಲ್ವಲ್ಲ," ಎಂದಳು ಲೋರ್ನಾ. ನಾನು ಸೈರನ್ನಿನ ಕಥೆ ಹೇಳಿದೆ.

"ಸೈರನ್ನೇ ತಪ್ಪಾದ್ರೆ?"

"ಇಲ್ಲಿವರೆಗೆ ಆಗಿಲ್ಲ."

"ಸೇತುವೆ ಕೆಳಗಿನ ಚಪ್ಪಟೆ ಕಲ್ಲಿನ ಮೇಲೆ ಒಬ್ರೇ ನಿಂತಿದಾರಲ್ಲ, ಅವರ್ಯಾರು?"

ಅವನು ಕ್ಲೇರ್ ಬಿಕೆಲ್, ಎಂಬತ್ತೊಂದರ ಮುದುಕ. ಆ ಕಲ್ಲು ಅವನದೆಂದು ಎಲ್ಲೂ ಬರೆದಿಲ್ಲ, ಆದರೆ ಬೇರೆ ಯಾರೂ ಹತ್ತುವುದಿಲ್ಲ. ಹೋದ ವರ್ಷ ದಿನಕ್ಕೆ ಐದೇ ಮೀನು ಎಂಬ ನಿಯಮ ಮೀರಿ ಆರನೆಯದನ್ನು ಬುಟ್ಟಿಗೆ ಹಾಕಿ ಸಿಕ್ಕಿಬಿದ್ದಿದ್ದ. ಎರಡು ವರ್ಷದೊಳಗೆ ಇನ್ನೊಂದು ತಪ್ಪಾದರೆ ಲೈಸೆನ್ಸ್ ಒಂದು ವರ್ಷ ರದ್ದು. ಏಳನೇ ವಯಸ್ಸಿನಿಂದ ಒಂದೂ ಮೊದಲ ಶನಿವಾರ ತಪ್ಪಿಸದವನಿಗೆ ಅದೇನೆಂದು ಲೋರ್ನಾಗೆ ವಿವರಿಸಬೇಕಾಗಲಿಲ್ಲ. ದುರ್ಬೀನು ಅವನ ಮೇಲೇ ನಿಂತಿತು.

ಎದುರಿನ ನೀರಿನಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದವನು ಅಗ್ನಿಶಾಮಕ ಸಂಘದ ಮುಖ್ಯಸ್ಥ ಡೆಲ್ಬರ್ಟ್ ಶರ್ಕ್. ಅವನ ದನಿ ಮೇಲಕ್ಕೆ ಬಂತು. "ಏನ್ ಕ್ಲೇರಣ್ಣ, ಈ ಸಲನಾದ್ರೂ ಐದರವರೆಗೆ ಎಣಿಸೋಕೆ ಬರುತ್ತಾ?"

"ನಿನಗೆ ಒಂದರವರೆಗೆ ಬಂದ್ರೆ ಸಾಕು ಕಣಯ್ಯ. ಹೋದ ವರ್ಷ ಸೊನ್ನೆಗೇ ನಿಂತ್ಯಲ್ಲ."

ಇಡೀ ದಡ ನಕ್ಕಿತು. ಆಗಲೇ ಊರ ಕಡೆಯಿಂದ ಸೈರನ್ ಏರತೊಡಗಿತು.

ನಲವತ್ತು ದಾರಗಳು ಒಟ್ಟಿಗೆ ಗಾಳಿ ಸೀಳಿ ನೀರಿಗೆ ಬಿದ್ದವು. ಲೋರ್ನಾ ಫೋನು ನೋಡಿದಳು. ಏಳು ನಲವತ್ತಾರು. "ಇದೇನಿದು," ಎಂದಳು, ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿಯಿಂದ. ಸೀಟಿ ಬಾಯಿಗಿಟ್ಟವಳು ಊದಲಿಲ್ಲ. "ಅಲ್ನೋಡಿ. ಮುದುಕ ಇನ್ನೂ ಎಸೆದಿಲ್ಲ."

ಕ್ಲೇರ್ ಕೋಲು ಎತ್ತಿಕೊಂಡೇ ತಲೆ ವಾರೆ ಮಾಡಿ ನಿಂತಿದ್ದ. ಬಾಯಿ ತೆರೆದ. ನೀರಿನ ಕಡೆ ನೋಡಿದ. ಬಾಯಿ ಮುಚ್ಚಿದ. ಆಮೇಲೆ ಎಸೆದ. ಲೋರ್ನಾ ಸೀಟಿ ಊದಿ ಇಳಿಜಾರಿನಲ್ಲಿ ಓಡಿದಳು. ನನ್ನ ಮಂಡಿಗಳು ಒಪ್ಪಿದಷ್ಟು ವೇಗದಲ್ಲಿ ನಾನು ಹಿಂದೆ.

ನಾವು ಮುಟ್ಟುವಷ್ಟರಲ್ಲಿ ಸೈರನ್ ಮೂರನೇ ಸಲ ಏರುತ್ತಿತ್ತು.

"ಯಾಕ್ರೋ ಇದು ನಿಲ್ತಾನೇ ಇಲ್ಲ?" ಎಂದ ಡೆಲ್ಬರ್ಟ್.

"ಈ ವರ್ಷ ಜೂನಕ್ಕಂಗೆ ಸಂಭ್ರಮ ಜಾಸ್ತಿ," ಎಂದರು ಯಾರೋ. ಜೂನ್ ಹಾಸ್ಟೆಟರ್ ಅಗ್ನಿಶಾಮಕ ಸಂಘದ ಅಡುಗೆಮನೆಯಲ್ಲಿ ಆ ದಿನದ ಪ್ಯಾನ್‌ಕೇಕ್, ಬೇಕನ್ ಉಪಾಹಾರ ಮಾಡುವವಳು. ಸೈರನ್ನಿನ ಗುಂಡಿಯೂ ಅವಳ ಸುಪರ್ದಿಯಲ್ಲೇ.

ಅಷ್ಟರಲ್ಲಿ ಸೇತುವೆಯಾಚೆ ಸಂಘದ ಕಟ್ಟಡದ ಮೇಲೆ ಕಪ್ಪು ಹೊಗೆ ಕಾಣಿಸಿತು.

"ಬೆಂಕಿ ಕಣ್ರೋ. ಯಾರಾದ್ರೂ ಅಗ್ನಿಶಾಮಕದವರನ್ನ ಕರೀರಿ."

"ನಾವೇ ಕಣಯ್ಯ ಅವರು," ಎಂದ ಡೆಲ್ಬರ್ಟ್.

ಇಪ್ಪತ್ತೆರಡು ಜನ ಕೋಲು ಬಿಸಾಕಿ, ಎದೆಯವರೆಗಿನ ರಬ್ಬರ್ ಉಡುಪಿನಲ್ಲೇ, ಹೆಜ್ಜೆಗೊಮ್ಮೆ ನೀರು ಚೆಲ್ಲುತ್ತ ರಸ್ತೆಗೆ ಓಡಿದರು. ಮಿಕ್ಕವರು ಲೋರ್ನಾಳ ಸೀಟಿ ಕೇಳಿ ತಮ್ಮ ದಾರ ಸುತ್ತಿಕೊಂಡರು. ಚಪ್ಪಟೆ ಕಲ್ಲಿನ ಮೇಲೆ ಕ್ಲೇರ್ ಮಂಡಿಯೂರಿದ್ದ. ನೀರಿನಲ್ಲೇ ಇಳಿಬಿಟ್ಟ ಅವನ ಕೈಬಲೆಯೊಳಗೆ, ಆ ತೊರೆಯಲ್ಲಿ ನಾನು ಹತ್ತು ವರ್ಷದಿಂದ ಕಾಣದಂಥ ಒಂದು ಟ್ರೌಟ್.

"ಯಜಮಾನ್ರೇ, ಟೈಮ್ ಎಷ್ಟು?" ಎಂದಳು ಲೋರ್ನಾ.

"ಗಡಿಯಾರ ತಂದಿಲ್ಲ ತಾಯಿ. ಇಲ್ಲಿ ಯಾರೂ ತರಲ್ಲ."

"ನನ್ನ ಪ್ರಕಾರ ಏಳು ಐವತ್ತು." ಅವಳು ಪಕ್ಕದಲ್ಲೇ ಕೂತಳು. "ನೋಡಿ, ಇದು ಸೈರನ್ ಮಾಡಿದ ಮೋಸ. ಗೊತ್ತಿಲ್ದೆ ಎಸೆದವರ ಮೇಲೆ ನಾನು ಕೇಸು ಹಾಕಲ್ಲ. ಎಲ್ರಿಗೂ ಬಾಯಿ ಮಾತಿನ ಎಚ್ಚರಿಕೆ, ನಿಮಗೂ ಅಷ್ಟೇ. ಆದ್ರೆ ಒಂದು ವಿಷಯ ಕೊರೀತಾ ಇದೆ. ಎಲ್ರೂ ಎಸೆದ ಮೇಲೆ ನೀವು ತಲೆ ವಾರೆ ಮಾಡ್ಕೊಂಡು ನಿಂತ್ರಿ. ಆಮೇಲೆ ಎಸೆದ್ರಿ. ಯಾಕೆ?"

"ಹಾಗೇ."

"ಹಾಗೇ ಅಂದ್ರೆ?"

ಕ್ಲೇರ್ ಮೀನನ್ನೇ ನೋಡುತ್ತಿದ್ದ.

"ಕಿವಿ ಸ್ವಲ್ಪ ಮಂದ ಇರ್ಬೇಕು," ಎಂದಳು ಲೋರ್ನಾ ಮೃದುವಾಗಿ. "ನಮ್ಮಪ್ಪಂಗೂ ಹಾಗೇ, ಎಲ್ಲ ಒಂದು ಗಳಿಗೆ ತಡವಾಗಿ ಕೇಳ್ಸುತ್ತೆ. ವಯಸ್ಸಾಗಿದೆ, ಸೈರನ್ ಸರಿಯಾಗಿ ಕೇಳ್ಸಿಲ್ಲ ಅಂತ ಬರ್ಕೋತೀನಿ. ಮುಗೀತು."

ಅವಳ ಬೆನ್ನ ಹಿಂದಿನಿಂದ ನಾನು ಕ್ಲೇರ್‌ಗೆ ಕಣ್ಣಿನಲ್ಲೇ ಹೇಳಿದೆ, ಹೂಂ ಅನ್ನು ಎಂದು. ಒಂದಕ್ಷರದ ಕೆಲಸ. ಅವನು ನನ್ನನ್ನು ನೋಡಿದ, ಅವಳ ಪುಸ್ತಕವನ್ನು ನೋಡಿದ. ಕತ್ತು ಕೆಂಪಾಯಿತು.

"ಏನಂತ ಬರೀತೀಯಾ?"

"ಸೈರನ್ ಸರಿಯಾಗಿ ಕೇಳ್ಸಿಲ್ಲ ಅಂತ."

"ಇಪ್ಪತ್ತಾರು ವರ್ಷ ಆ ಗುಂಡಿ ಒತ್ತಿ ಆಮೇಲೆ ಈ ಕಲ್ಲಿಗೆ ಓಡಿ ಬಂದೋನು ನಾನು. ಜೂನ್‌ಗೆ ಹೇಳಿಕೊಟ್ಟೋನೂ ನಾನೇ. ಎಂಟು ಗಂಟೆ ಕೂಗಿಗೆ ಇಪ್ಪತ್ತು ಎಣಿಸೋವರೆಗೆ ಬೆರಳು ತೆಗೆಯಂಗಿಲ್ಲ. ಬೆಂಕಿಗಾದ್ರೆ ಹತ್ತಕ್ಕೇ ತೆಗೆದು ಮತ್ತೆ ಒತ್ಬೇಕು. ಇವತ್ತು ಹತ್ತಕ್ಕೆ ತೆಗೆದ್ಲು. ಮುಖ್ಯಸ್ಥ ಅನ್ನಿಸ್ಕೊಂಡ ಆ ಡೆಲ್ಬರ್ಟು ಮೂರನೇ ಕೂಗಿಗೂ ಬಾಯಿ ಬಿಟ್ಕೊಂಡು ನಿಂತಿದ್ದ. ಈ ದಡದಲ್ಲಿ ಅದನ್ನ ಕೇಳಿಸ್ಕೊಂಡಿದ್ದು ಈ ಎರಡು ಕಿವಿ ಮಾತ್ರ."

ಲೋರ್ನಾ ಪೆನ್ನು ಎತ್ತಿ ಹಿಡಿದಳು.

"ಅಂದ್ರೆ ಬೆಂಕಿ ಅಂತ ಗೊತ್ತಾಗಿತ್ತು."

"ಆಗಿತ್ತು."

"ಎಂಟಾಗಿಲ್ಲ ಅಂತಾನೂ."

"ಬೆಂಕಿ ಅಂದ್ಮೇಲೆ ಎಂಟು ಎಲ್ಲಿಂದ ಬಂತು?"

"ಯಾರಿಗೂ ಹೇಳ್ಲಿಲ್ಲ."

"ಹೇಳೋಣ ಅಂತ್ಲೇ ಬಾಯಿ ತೆಗೆದೆ. ಅಷ್ಟೊತ್ತಿಗೆ ಆ ಬಂಡೆ ಹಿಂದೆ ಈ ಮೀನು ನೀರ ಮೇಲೆ ಬೆನ್ನು ತೋರಿಸ್ತು."

ಲೋರ್ನಾ ಪುಸ್ತಕದ ಹಾಳೆ ತಿರುಗಿಸಿದಳು.

"ಇದು ಎರಡನೇದು," ಎಂದಳು ಲೋರ್ನಾ. "ಒಂದು ವರ್ಷ ಹೋಗುತ್ತೆ."

"ನನ್ನ ವಯಸ್ಸಿಗೆ ಒಂದು ವರ್ಷ ಅಂದ್ರೆ ಜೀವಾವಧಿನೂ ಆಗ್ಬಹುದು."

"ಹಾಗಾದ್ರೆ ಕಿವಿ ವಿಷಯ ಏನಂತ ಬರೀಲಿ?" ಎಂದು ಇನ್ನೊಮ್ಮೆ ಕೇಳಿದಳು. ಅದು ಬಾಗಿಲು ತೆರೆದಿಟ್ಟಂತೆಯೇ ಇತ್ತು.

"ಚೆನ್ನಾಗಿದೆ ಅಂತ ಬರಿ."

ಅವಳು ಬರೆದಳು. ನಾನು ಅಳತೆಪಟ್ಟಿ ಹಿಡಿದೆ: ಹತ್ತೊಂಬತ್ತು ಅಂಗುಲ. ಕ್ಲೇರ್ ಬಲೆ ಬಾಗಿಸಿದ. ಮೀನು ಹರಿವಿಗೆ ಎದುರಾಗಿ ಒಂದು ಕ್ಷಣ ನಿಂತು, ತನ್ನ ಬಂಡೆಯ ಹಿಂದಕ್ಕೆ ಹೋಯಿತು.

ಎಂಟಾದಾಗ ಲೋರ್ನಾ ಫೋನು ಎತ್ತಿ ತೋರಿಸಿ, ಈಗ ಗಾಳ ಹಾಕಬಹುದು ಎಂದು ಕೂಗಿ ಹೇಳಿದಳು. ಉಳಿದವರು ಅಲುಗಾಡಲಿಲ್ಲ.

"ಸೈರನ್ ಆಗ್ಲಿ ಮೇಡಂ," ಎಂದನೊಬ್ಬ ವಿನಯದಿಂದ.

"ಒಂದು ಸಲ ಆಯ್ತಲ್ಲ."

"ಅದು ಬೆಂಕಿದು."

ಅವಳು ನನ್ನ ಕಡೆ ತಿರುಗಿದಳು. ನಾನು ಭುಜ ಕುಣಿಸಿದೆ. ಕಾನೂನು ಎಂಟಕ್ಕೆ ಮುಂಚೆ ಹಿಡಿಯಬೇಡಿ ಎನ್ನುತ್ತದೆ. ಎಂಟಕ್ಕೆ ಹಿಡಿಯಲೇಬೇಕು ಎನ್ನುವುದಿಲ್ಲ. ಸೈರನ್ ಎಂಟೂ ಇಪ್ಪತ್ತಕ್ಕೆ ಕೂಗಿತು, ಪೂರ್ತಿ ಇಪ್ಪತ್ತು ಎಣಿಕೆ. ಅಷ್ಟರವರೆಗೆ ಕಾದು ಆಮೇಲೆ ಎಸೆದರು.

ಬೆಂಕಿ ಬೇಕನ್ನಿನ ಜಿಡ್ಡಿನದು. ಮೊದಲ ರಬ್ಬರ್ ಉಡುಪು ಬಾಗಿಲಿಗೆ ಬರುವಷ್ಟರಲ್ಲಿ ಜೂನ್ ಅಡುಗೆ ಸೋಡ ಸುರಿದು, ಮುಚ್ಚಳ ಒತ್ತಿ ಆರಿಸಿದ್ದಳು. ಹೋದದ್ದು ಒಂದು ಪರದೆ, ಎರಡು ಬಾಣಲೆ ಬೇಕನ್. "ಎಂಟಾಗಿಲ್ಲ ಅಂತ ಗೊತ್ತಿತ್ತು," ಎಂದಳಂತೆ ಡೆಲ್ಬರ್ಟ್‌ಗೆ. "ಬೆಂಕಿಗೂ ಹೇಳಿ ನೋಡಿದೆ, ಕೇಳ್ಲಿಲ್ಲ."

ಕ್ಲೇರ್‌ನ ಲೈಸೆನ್ಸ್ ಒಂದು ವರ್ಷ ರದ್ದಾಯಿತು. ಮುಂದಿನ ಏಪ್ರಿಲ್‌ನ ಮೊದಲ ಶನಿವಾರ ಸೈರನ್ ಒತ್ತಿದವನು ಅವನೇ. ಎಂಟು ಗಂಟೆಗೆ, ಇಪ್ಪತ್ತು ಎಣಿಸಿ.