ವಾಸಿಯಾಗದ ವಸಡು

"ಬೀಡಿ ಸೇದ್ತಾರಾ?"

ಹಲ್ಲಿನ ಡಾಕ್ಟರು ಮತ್ತೆ ಅದನ್ನೇ ಕೇಳಿದಾಗ ಸೋಫಾ ಕೆಲಸದವನ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಅಗಲಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ ಗಂಡ ಪಾಪ ಏನು ಹೇಳಿಯಾನು? ಅವಳೇ ಹೇಳಿದಳು.

"ಹೋದ್ಸಲಾನೂ ಹೇಳಿದೀನಿ ಡಾಕ್ಟ್ರೇ. ಬೀಡಿ ಇಲ್ಲ, ತಂಬಾಕಿಲ್ಲ. ಸಕ್ಕರೆ ಕಾಯಿಲೇನೂ ಇಲ್ಲ, ರಕ್ತ ಕೊಟ್ಟು ನೋಡಿಸಿದ್ದಾಯ್ತು. ಬೆಳಿಗ್ಗೆ ರಾತ್ರಿ ನಾನೇ ಮುಂದೆ ನಿಂತು ಹಲ್ಲುಜ್ಜಿಸ್ತೀನಿ, ಮಗೂಗೆ ಉಜ್ಜಿಸಿದ ಹಾಗೆ."

"ಕ್ಲೀನ್ ಮಾಡಿದ ಮೇಲೆ ಹಿಂದಿನ ವಸಡೆಲ್ಲ ಚೆನ್ನಾಗಿ ಕೂಡ್ಕೊಂಡಿದೆ. ಮುಂದಿಂದು ಮಾತ್ರ ಯಾಕಮ್ಮ ಹೀಗೆ?" ಡಾಕ್ಟರು ಕೈಗವಸು ಕಳಚಿದರು. "ವಸಡು ಸುಳ್ಳು ಹೇಳಲ್ಲ. ಕೆಳಗಿನ ಈ ಹಲ್ಲು ಅಲ್ಲಾಡ್ತಿದೆ. ಹೀಗೇ ಆದ್ರೆ ಉಳಿಸೋಕಾಗಲ್ಲ."

ಅಂದರೆ ಸುಳ್ಳು ಹೇಳುತ್ತಿರುವವಳು ತಾನೇ ಎಂದಾಯಿತಲ್ಲ! ದಾರಿಯುದ್ದಕ್ಕೂ ಅವಳು ಕುದಿದಳು.

"ನಿಮಗೇನು ಬಾಯಿಲ್ವೇನ್ರಿ? ಕಳ್ಳನ್ನ ವಿಚಾರಿಸಿದ ಹಾಗೆ ವಿಚಾರಿಸ್ತಾರೆ, ನೀವು ಸುಮ್ನಿರ್ತೀರಿ."

"ಬಾಯಿರೋದಕ್ಕೇ ಅಲ್ವೇನೆ ಈ ಪಾಡು," ಎಂದು ನಕ್ಕು ಅವನು ಅಂಗಡಿಯ ಕಡೆ ತಿರುಗಿದ. ನಕ್ಕರೂ ಒಳಗೆ ಅಳುಕಿತ್ತು. ಅವನ ಅಪ್ಪ ನಲವತ್ತಕ್ಕೇ ಬೊಚ್ಚುಬಾಯಾಗಿದ್ದ; ಗಂಜಿಯಲ್ಲೇ ಉಳಿದ ಆಯುಸ್ಸು ಕಳೆದಿದ್ದ. ತನಗೆ ಹಾಗಾಗಬಾರದೆಂದೇ ಅವನು ನೋವು ನುಂಗಿಕೊಂಡು ಚಿಕಿತ್ಸೆಗೆ ಹೋಗಿದ್ದು.

ಬಾಯಿ ಮುಕ್ಕಳಿಸುವ ಔಷಧಿ ತನ್ನ ಚೀಲದಲ್ಲೇ ಉಳಿದದ್ದು ಅವಳಿಗೆ ಮನೆಗೆ ಬಂದ ಮೇಲೆ ಗೊತ್ತಾಯಿತು. ಕೊಟ್ಟು ಬರೋಣವೆಂದು ಅಂಗಡಿಗೆ ಹೊರಟಳು.

ಅವನು ಮಂಡಿಯೂರಿ ಕುರ್ಚಿಯೊಂದಕ್ಕೆ ಹೊಸ ಬಟ್ಟೆ ಹಾಕುತ್ತಿದ್ದ. ಎಡಗೈ ಬಟ್ಟೆಯನ್ನು ಬಿಗಿಯಾಗಿ ಜಗ್ಗಿ ಹಿಡಿದಿತ್ತು, ಬಲಗೈಯಲ್ಲಿ ಸುತ್ತಿಗೆ. ಕೆಳದುಟಿ ಉಬ್ಬಿತ್ತು. ನಾಲಿಗೆ ಒಂದು ಮೊಳೆಯನ್ನು ಮುಂದಿನ ಹಲ್ಲಿಗೆ ದೂಡುತ್ತಿತ್ತು, ಅಯಸ್ಕಾಂತದ ಸುತ್ತಿಗೆ ಬಂದು ಅದನ್ನು ಕಚ್ಚಿಕೊಂಡು ಹೋಗುತ್ತಿತ್ತು. ಟಕ್. ಮತ್ತೆ ಬಾಯಿಗೆ. ಟಕ್. ಮದುವೆಯಾದಾಗಿನಿಂದ ಇದನ್ನು ನೋಡುತ್ತಲೇ ಬಂದಿದ್ದಳು. ಇವತ್ತು ಕಣ್ಣಿಗೆ ಬಿತ್ತು.

"ಏನ್ರೀ ಅದು ಬಾಯಲ್ಲಿ?"

ಅವನು ಮೊಳೆಗಳನ್ನು ದವಡೆಗೆ ಒತ್ತರಿಸಿದ. "ಎರಡೂ ಕೈ ಕೆಲ್ಸದಲ್ಲಿದ್ರೆ ಎಲ್ಲಿಟ್ಕೊಳ್ಳಲಿ? ಅಪ್ಪ ಕಲಿಸಿದ್ದೇ ಹೀಗೆ."

"ನಿಮ್ಮಪ್ಪಂಗೆ ಹಲ್ಲೆಲ್ಲಿತ್ತು?"

ಅವನ ಸುತ್ತಿಗೆ ನಿಂತಿತು.

"ಡಾಕ್ಟ್ರಿಗೆ ಹೇಳ್ಬಾರ್ದಿತ್ತಾ?"

"ಬೀಡಿ ಕೇಳಿದ್ರು, ಸಕ್ಕರೆ ಕೇಳಿದ್ರು. ಮೊಳೆ ಯಾರು ಕೇಳಿದ್ರು?"

ಅವಳಿಗೆ ಯಾರ ಮೇಲೆ ಹರಿಹಾಯಬೇಕೋ ತಿಳಿಯಲಿಲ್ಲ. ಏನು ಕೆಲಸ ಮಾಡ್ತೀಯಪ್ಪಾ ಎಂದು ಒಂದು ಮಾತು ಕೇಳದ ಡಾಕ್ಟರ ಮೇಲೋ, ಕೇಳಿದಷ್ಟಕ್ಕೇ ತಲೆಯಾಡಿಸಿ ಬಂದ ಈ ಮಹಾರಾಯನ ಮೇಲೋ? ಇಷ್ಟು ದಿನ ಕಾವಲು ನಿಂತು ಉಜ್ಜಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅವನ ಬಾಯಿಯ ಕೆಳಗೆ ಅಂಗೈ ಒಡ್ಡಿದಳು.

"ಉಗೀರಿ."

"ಇದೊಂದು ಅಂಚು ಮುಗಿಸಿ—"

"ಉಗೀರಿ ಅಂದೆ."

ಅವನು ಬಗ್ಗಿ ಉಗಿದ. ಎಂಜಲಿನಲ್ಲಿ ನೆಂದ ಕರಿಮೊಳೆಗಳು, ಅಲ್ಲಲ್ಲಿ ರಕ್ತದ ಎಳೆ. ಆಮೇಲೆ ಅವನು ಅನುಮಾನದಿಂದ ನಾಲಿಗೆಯನ್ನು ಕೆಳವಸಡಿನ ಮೇಲೆ ಆಡಿಸಿದ, ಮತ್ತೊಮ್ಮೆ ಆಡಿಸಿದ.

ಮೊಳೆಗಳ ನಡುವೆ ಹಲ್ಲು ಬಿದ್ದಿತ್ತು.

ಅವನು ನೋಡುವ ಮೊದಲೇ ಅವಳು ಮುಷ್ಟಿ ಮುಚ್ಚಿದಳು. ಮೊಳೆಗಳು ಅಂಗೈಗೆ ಚುಚ್ಚಿದರೂ ಬಿಡಲಿಲ್ಲ.